ಬಾರದ ಬಸ್ಸಿನ ಫೋಟೋ

ಇವತ್ತು ಬೆಳಿಗ್ಗೆ ದನ ಕರೆದೆ, ನೀರುದೋಸೆಗೆ ಅಕ್ಕಿ ಕಡೆದೆ, ಮಗಳು ದಿವ್ಯಳ ಬುತ್ತಿ ಕಟ್ಟಿದೆ, ಅಂಗಳ ಗುಡಿಸಿದೆ, ಮಿಡಿ ಉಪ್ಪಿನಕಾಯಿಯನ್ನು ಒಂದು ಬಾಟ್ಲಿಗೆ ತುಂಬಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದೆ. ಬಾಟ್ಲಿ ಐತಪ್ಪಣ್ಣನಿಗೆ. ಅವರು ಇವತ್ತು ಬಾಯಾರಿನ ಮಗಳ ಮನೆಗೆ ಹೊರಟರು. ಇನ್ನು ಅಲ್ಲಿಯೇ ಇರುತ್ತಾರಂತೆ.

ನೆಕ್ರಾಜೆಯ ನಮ್ಮ ಒಳದಾರಿಯಲ್ಲಿ ಐತಪ್ಪಣ್ಣನ ಸ್ವರ ಕೇಳದವರಿಲ್ಲ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು; ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು. ಮೊಬೈಲಿನಲ್ಲಿ ವಾಯ್ಸ್ ಮೆಸೇಜ್ ಹಾಕುವಾಗಲೂ ಅವರು ಫುಟ್‌ಬೋರ್ಡಿನ ಮೇಲೆ ನಿಂತವರಂತೆಯೇ. ಫೋನನ್ನು ಬಾಯಿಗೆ ಅಡ್ಡ ಹಿಡಿದು, ಒಮ್ಮೆ ಉಫ್ ಎಂದು ಊದಿ, ಹೇಳುವುದನ್ನು ಕೂಗಿ, ಕೊನೆಗೆ "ರೈಟ್!" ಎಂದ ಮೇಲೆಯೇ ಬೆರಳು ತೆಗೆಯುವುದು. ನಾನು ಅಡುಗೆಮನೆಯಲ್ಲಿ ಅದನ್ನು ಒತ್ತಿದರೆ ಹಟ್ಟಿಯಲ್ಲಿ ದನ ಕಿವಿ ನಿಮಿರಿಸುತ್ತಿತ್ತು.

ಎರಡು ತಿಂಗಳ ಹಿಂದೆ ನಮ್ಮ ಏಳು ನಲವತ್ತರ ಬಸ್ಸು ನಿಂತುಹೋಯಿತು. ಜನ ಇಲ್ಲ ಎಂದು ಬಸ್ಸಿನವರು ಟ್ರಿಪ್ ಕಟ್ ಮಾಡಿದರು. ಮುಂದಿನ ಬಸ್ಸು ಒಂಬತ್ತೂವರೆಗೆ. ದಿವ್ಯ ಕಾಸರಗೋಡಿನಲ್ಲಿ ಪ್ಲಸ್ ಟು ಓದುವವಳು. ನಮ್ಮವರ ಪಿಕಪ್ ಬಾಳೆಗೊನೆ ಇದ್ದ ದಿನ ಮಾತ್ರ ಪೇಟೆಗೆ ಹೋಗುತ್ತದೆ. "ದಿನಾ ಅವರಿವರ ಬೈಕಿನಲ್ಲಿ ಎಷ್ಟು ದಿನ? ಈ ವರ್ಷಕ್ಕೆ ಓದು ನಿಲ್ಲಿಸುವ, ಆಮೇಲೆ ನೋಡುವ" ಎಂದರು ನಮ್ಮವರು. ಆಮೇಲೆ ನೋಡುವ ಎಂದ ಓದನ್ನು ಮತ್ತೆ ಯಾರು ನೋಡಿದ್ದಾರೆ?

ಐತಪ್ಪಣ್ಣ ಕಲಿಯುವ ಮಕ್ಕಳನ್ನೂ ಕೆಲಸಕ್ಕೆ ಹೋಗುವ ಹುಡುಗರನ್ನೂ ಸ್ಟಾಪಿನಲ್ಲಿ ಒಟ್ಟು ಮಾಡಿದರು.

"ಇಡೀ ದಿನ ಕೈಯಲ್ಲಿ ಉಂಟಲ್ಲ ಈ ಫೋನು, ಅದಕ್ಕೊಂದು ಕೆಲಸ ಕೊಡುವ. ಒಂದು ಗ್ರೂಪ್ ಮಾಡಿ. ದಿನಾ ಬೆಳಿಗ್ಗೆ ಸ್ಟಾಪಿನ ಫೋಟೋ ಹಾಕಿ. ಫಾರ್ವರ್ಡ್ ಬೇಡ, ಗುಡ್ ಮಾರ್ನಿಂಗ್ ಬೇಡ. ಕಣ್ಣಾರೆ ಕಂಡದ್ದು ಮಾತ್ರ."

ಟೈಲ್ಸ್ ಕೆಲಸದ ನಿಜಾಮ್ ನಕ್ಕ. "ಇಲ್ಲದ ಬಸ್ಸಿನ ಫೋಟೋ ಎಂತದು ಮಾಮ ತೆಗೆಯುವುದು?"

"ನಿಂತವರ ಮುಖ ತೆಗೆ ಮಾರಾಯ. ಬಸ್ಸು ಇಲ್ಲ ಅಂತ ಅದರಲ್ಲೇ ಕಾಣ್ತದೆ."

ಎರಡು ವಾರದ ಫೋಟೋಗಳನ್ನು ಹಿಡಿದುಕೊಂಡು ಐತಪ್ಪಣ್ಣ, ನಿಜಾಮ್, ದಿವ್ಯ ವಿದ್ಯಾನಗರದ ಆರ್‌ಟಿಒ ಆಫೀಸಿಗೆ ಹೋದರು. ಅಲ್ಲಿಯ ಸಾರ್ ಒಂದೊಂದೇ ಸರಿಸಿ ನೋಡಿದರಂತೆ. ಎಲ್ಲದರಲ್ಲೂ ಇಬ್ಬರು, ಮೂವರು. ಒಂದರಲ್ಲಿ ಬರೀ ನಾಯಿ. "ಇಷ್ಟು ಜನಕ್ಕೆ ಬಸ್ಸಾ?" ಎಂದು ಫೋನ್ ವಾಪಸು ಕೊಟ್ಟರು. ಬರುವಾಗ ದಾರಿಯುದ್ದಕ್ಕೂ ಐತಪ್ಪಣ್ಣ ಆ ಫೋಟೋಗಳನ್ನೇ ಮತ್ತೆ ಮತ್ತೆ ಸರಿಸಿ ನೋಡಿದರಂತೆ.

ಸಂಜೆ ಗ್ರೂಪಿನಲ್ಲಿ ಅವರ ಸ್ವರ ಬಂತು. "ತಪ್ಪು ನಮ್ಮದು. ಬೈಕಿನವ ಒಬ್ಬನನ್ನು ಹತ್ತಿಸಿದ, ಜೀಪಿನವ ನಾಲ್ಕು ಜನರನ್ನು ಹತ್ತಿಸಿದ. ಉಪಕಾರ ಮಾಡಿ ಮಾಡಿ ನಾವೇ ಸ್ಟಾಪು ಖಾಲಿ ಮಾಡಿದ್ದು. ಸೋಮವಾರದಿಂದ ಒಂದು ವಾರ ಯಾರೂ ಯಾರನ್ನೂ ಹತ್ತಿಸುವುದು ಬೇಡ. ಬೈಕ್ ಇದ್ದವರೂ ಬೈಕ್ ಮನೆಯಲ್ಲಿಟ್ಟು ಬಂದು ನಿಲ್ಲಿ. ರೈಟ್!"

ಹೇಳಿದಷ್ಟು ಸುಲಭವಲ್ಲ ಅದು. ದಾರಿಯಲ್ಲಿ ನಿಂತವರನ್ನು ನೋಡಿಯೂ ನಿಲ್ಲಿಸದೆ ಹೋದರೆ ನಮ್ಮಲ್ಲಿ ಅದು ಮಾತು ಬಿಟ್ಟ ಹಾಗೆ. ಮೊದಲ ದಿನವೇ ಅಜ್ಜಿಯೊಬ್ಬರು ಜೀಪಿನವನಿಗೆ "ನಿನ್ನ ಕಣ್ಣು ಹೊಟ್ಟಿತಾ, ನಿಂತವರು ಕಾಣುವುದಿಲ್ಲವಾ?" ಎಂದು ಬೈದರು.

ಬುಧವಾರ ದಿವ್ಯಳಿಗೆ ಪರೀಕ್ಷೆ. ಅದೇ ದಿನ ಪಿಕಪ್ಪಿಗೆ ಬಾಳೆಗೊನೆ ಲೋಡು. ನಾನು ಡೈರಿಗೆ ಹಾಲು ಕೊಟ್ಟು ಬರುತ್ತಾ ಸ್ಟಾಪಿನ ಹತ್ತಿರ ನಿಂತೆ. ಪಿಕಪ್ ಬಂತು, ನಿಧಾನವಾಯಿತು. ನಮ್ಮವರು ಮಗಳನ್ನು ನೋಡಿದರು. ಮಗಳು ಅಪ್ಪನನ್ನು ನೋಡಿದಳು. "ಹತ್ತು ಮಾರಾಯ್ತಿ" ಎಂದು ನನ್ನ ಬಾಯಿಗೇ ಬಂದಿತ್ತು.

"ಸಂಜೀವಾ, ಎದುರು ನೋಡಿ ಹೋಗು!" ಐತಪ್ಪಣ್ಣ ನಮ್ಮವರಿಗೆ ಕೂಗಿದರು.

ಪಿಕಪ್ ಹೋಯಿತು. ದಿವ್ಯ ಫೋನ್ ಎತ್ತಿದಳು. ಫೋಟೋ ಸರಿಯಾಗಿ ಬಂತು. ಸ್ಟಾಪಿನ ತುಂಬ ಜನ, ಆಚೆ ತಿರುವಿನಲ್ಲಿ ಅಪ್ಪನ ಪಿಕಪ್ಪಿನ ಬೆನ್ನು. ಪರೀಕ್ಷೆಗೆ ಅರ್ಧ ಗಂಟೆ ತಡವಾಗಿ ಮುಟ್ಟಿದಳು. ಬೈದರಂತೆ, ಬರೆಯಲು ಬಿಟ್ಟರಂತೆ.

ಆ ದಿನ ನಮ್ಮವರಿಗೆ ಊಟ ಸೇರಲಿಲ್ಲ. ಕೈ ತೊಳೆಯುತ್ತಾ, "ನಾಳೆ ನಾನೂ ಸ್ಟಾಪಿನಲ್ಲಿ ನಿಲ್ತೇನೆ" ಎಂದರು. ನಿಂತರು ಕೂಡ, ಇಸ್ತ್ರಿ ಮಾಡಿದ ಅಂಗಿ ಹಾಕಿ!

ಎರಡನೆಯ ಸಲ ಆಫೀಸಿಗೆ ಹೋದವರು ಹದಿನಾಲ್ಕು ಮಂದಿ. ಐತಪ್ಪಣ್ಣ ಹೇಳಿದಂತೆ ಎಲ್ಲರೂ ತಮ್ಮ ತಮ್ಮ ಫೋನನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಸಾರ್ ದಿವ್ಯಳ ಫೋನ್ ಎತ್ತಿ, ಇಷ್ಟು ಜನರನ್ನು ಬಿಟ್ಟುಹೋದ ಈ ವಾಹನ ಯಾರದ್ದು ಎಂದು ಕೇಳಿದರು. "ನನ್ನ ಅಪ್ಪನದ್ದು. ಅವರು ನಿಲ್ಲಿಸಿದರೆ ಬಸ್ಸು ಬರುವುದಿಲ್ಲ" ಎಂದು ಇವಳು ಮಲಯಾಳದಲ್ಲಿ ಹೇಳಿದಳು. ಸಾರ್ ಸ್ವಲ್ಪ ಹೊತ್ತು ಆ ಫೋನನ್ನು ಕೆಳಗಿಡಲಿಲ್ಲವಂತೆ. ಆಮೇಲೆ ಬಸ್ಸಿನವರಿಗೆ ಕರೆ ಹೋಯಿತು.

ಇವತ್ತು ಏಳು ನಲವತ್ತಕ್ಕೆ ಬಸ್ಸು ಬಂತು. ಮಗಳ ಮನೆಗೆ ಹೋಗುವುದಿದ್ದರೆ ಇದೇ ಬಸ್ಸಿನಲ್ಲಿ ಎಂದು ಐತಪ್ಪಣ್ಣ ಹಟ ಹಿಡಿದು ಕಾದಿದ್ದರು. ನಿಜಾಮ್ ಕೇಪಳ ಹೂವಿನ ಮಾಲೆಯನ್ನು ಬಸ್ಸಿನ ಮುಖಕ್ಕೆ ಕಟ್ಟಿದ. ಡ್ರೈವರ್ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಮಕ್ಕಳು ಕೂಗಿದ್ದು ಗುಡ್ಡದ ಆಚೆಗೆ ಕೇಳಿರಬೇಕು. ಒಳಗೆ ಕಾಲಿಡಲು ಜಾಗವಿಲ್ಲ. ಹುಡುಗನೊಬ್ಬ ಎದ್ದು ಸೀಟು ಕೊಟ್ಟರೆ ಐತಪ್ಪಣ್ಣ ಕೂರಲಿಲ್ಲ. ಕಂಬಿ ಹಿಡಿದು ಕಿಟಕಿಗೆ ಬಗ್ಗಿದರು.

"ನೋಡಿದಿಯಾ ಶಾರದಾ, ನಿಲ್ಲಲಿಕ್ಕೇ ಜಾಗ ಇಲ್ಲ! ಮೊಬೈಲ್ ನೋಡಿ ಮಕ್ಕಳು ಹಾಳಾದರು ಅಂತ ಹೇಳಿದವರನ್ನು ಈಗ ಕರಿ."

ಬಸ್ಸು ತಿರುವು ದಾಟಿತು. ಸ್ಟಾಪಿನಲ್ಲಿ ಉಳಿದದ್ದು ನಾನೊಬ್ಬಳೇ.

ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಅಲಸಂಡೆ ಪಲ್ಯ, ಸುಟ್ಟ ಹಪ್ಪಳ. ನಮ್ಮವರು ಎರಡು ಸಲ ಬಡಿಸಿಕೊಂಡರು. ಇಷ್ಟು ದಿನ ಊಟವಾದ ಮೇಲೆ ದಿವ್ಯ, ನಾಳೆ ಪೇಟೆ ಕಡೆ ಯಾರು ಹೋಗುತ್ತಾರೆ ಎಂದು ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂರುತ್ತಿದ್ದಳು. ಇವತ್ತು ಯಾರಿಗೂ ಮಾಡಲಿಲ್ಲ. ಬಟ್ಟಲು ತೊಳೆದಿಟ್ಟಳು, ಎಲ್ಲರಿಗಿಂತ ಮೊದಲು ಮಲಗಿ ನಿದ್ದೆಹೋದಳು.