ಗೆಲ್ಲಿಸಿ ಕಳಿಸುವ ಹುಚ್ಚಪ್ಪ

ಧಾರವಾಡದ ಹಳೆಯ ಕ್ಲಬ್ಬಿನ ಟೆನಿಸ್ ಅಂಗಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹುಚ್ಚಪ್ಪ ಕೆಂಪು ಮಣ್ಣಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಿದ್ದಾರೆ. ಗೆರೆ ಒಣಗುವ ಹೊತ್ತಿಗೆ ಸದಸ್ಯರು ಬರುತ್ತಾರೆ: ವಕೀಲರು, ಅರಳೆ ವ್ಯಾಪಾರಿಗಳು, ಹೊಟ್ಟೆ ಕರಗಿಸಿಕೊಳ್ಳಿ ಎಂದು ಡಾಕ್ಟರ ಕೈಲಿ ಬೈಸಿಕೊಂಡವರು. ಜೊತೆಗಾರ ಸಿಗದವರು ದುಡ್ಡು ಕೊಟ್ಟು ಹುಚ್ಚಪ್ಪನ ಜೊತೆ ಒಂದು ಸೆಟ್ ಆಡುತ್ತಾರೆ. ಆಡಿದವರೆಲ್ಲ ಗೆದ್ದೇ ಮನೆಗೆ ಹೋಗುತ್ತಾರೆ. ಊರಲ್ಲಿ ಸೋತವರಿಗೇನೂ ಬರವಿಲ್ಲ. ಆದರೆ ಸೋಲಿಗೇ ಸಂಬಳ ಎಣಿಸುವವರು ಇವರೊಬ್ಬರೇ ಇರಬೇಕು.

ಈ ಕೆಲಸಕ್ಕೆ ಕ್ಲಬ್ಬಿನಲ್ಲಿ ‘ಮಾರ್ಕರ್’ ಎನ್ನುತ್ತಾರೆ. ಹೆಬ್ಬಳ್ಳಿಯಿಂದ ನಸುಕಿನಲ್ಲೇ ಸೈಕಲ್ ತುಳಿದು ಬರುವ ಹುಚ್ಚಪ್ಪ, ಹರೆಯದಲ್ಲಿ ಇದೇ ಅಂಗಳಕ್ಕೆ ಮಣ್ಣು ಹೊರಲು ಬಂದವರು. ಆಗಿನ ಮಾರ್ಕರ್ ಗುಲಾಬಸಾಬ ಹುಡುಗನ ಓಟ ನೋಡಿ, ತಂತಿ ಸಡಿಲಾದ ರ‍್ಯಾಕೆಟ್ಟೊಂದನ್ನು ಕೈಗಿಟ್ಟರು. ಆಟದ ಜೊತೆ ಕಸುಬಿನ ಮಂತ್ರವನ್ನೂ ಕಿವಿಗೆ ಹಾಕಿದರು: “ತಮ್ಮಾ, ಸೋತಾಂವ ನಾಳಿಗಿ ಬರಂಗಿಲ್ಲ. ಗೆದ್ದಾಂವ ಚಹಾ ಕುಡಿಸಿ ಹೋಗತಾನ.”

“ಸೋಲೂದು ಸಸಾರ ಅಲ್ರಿ,” ಎನ್ನುತ್ತಾರೆ ಹುಚ್ಚಪ್ಪ, ಚೆಂಡಿಗೆ ಹತ್ತಿದ ಮಣ್ಣನ್ನು ಅಂಗಿಗೆ ಒರೆಸುತ್ತ. “ಲಗೂನ ಸೋತ್ರ ಸಂಶಯ ಬರತೈತಿ. ಐದು-ಐದರ ಮಟಾ ಎಳೀಬೇಕು. ಅವರಿಗೆ ಬೆವರು ಬರಬೇಕು, ನಾವು ತೇಕಬೇಕು. ಆಮ್ಯಾಲ ಏಳು-ಐದಕ್ಕ ಕೈ ಬಿಡಬೇಕು.”

ಟೆನಿಸ್ಸಿನಲ್ಲಿ ಸೊನ್ನೆಗೆ ‘ಲವ್’ ಎನ್ನುತ್ತಾರೆ. ಅದು ಹೆಂಡತಿ ಸಾವಕ್ಕನಿಗೂ ಗೊತ್ತು, ಗೊತ್ತಿದ್ದೇ ಕಾಲೆಳೆಯುತ್ತಾರೆ. “ದಿನಾ ಮುಂಜಾನಿ ಮಂದಿ ಮುಂದ ಲವ್ ಲವ್ ಅಂತ ಒದರತಾರ್ರಿ. ಮನಿಗಿ ಬಂದ್ರ ಬಾಯಾಗ ಒಂದ್ ಮಾತಿರಂಗಿಲ್ಲ.”

ಹುಚ್ಚಪ್ಪನ ಕಾಯಂ ಗಿರಾಕಿ ರಾಜಶೇಖರ. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಅವರದು ನಟ್ಟು-ಬೋಲ್ಟಿನ ಕಾರ್ಖಾನೆ. ಐದು ವರ್ಷ ದಿನಾ ಗೆದ್ದೂ ಗೆದ್ದೂ ತಮ್ಮ ಆಟದ ಮೇಲೆ ಅವರಿಗೆ ಭಕ್ತಿಯೇ ಹುಟ್ಟಿತ್ತು. ಕಳೆದ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಬೆಳಗಾವಿಯ ಪಂದ್ಯಾವಳಿಗೆ ಹೆಸರು ಕೊಟ್ಟು, ಹೊಸ ಬೂಟು ಹಾಕಿಕೊಂಡು ಹೋದರು. ಮೊದಲ ಪಂದ್ಯದಲ್ಲೇ ಎರಡೂ ಸೆಟ್ಟಿನಲ್ಲಿ ಸೊನ್ನೆ ಸುತ್ತಿ ಮರಳಿದರು. ಬೂಟಿನ ಹೊಸತನ ಮಾತ್ರ ಹಾಗೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಸಿಡಿದರು. “ಹುಚ್ಚಪ್ಪಾ, ಐದು ವರ್ಷ ನನ್ನ ಮಂಗ್ಯಾ ಮಾಡಿದಿ!”

“ಇಲ್ರಿ ಸಾಹುಕಾರ್ರ, ನೀವು ಛಲೋನ ಆಡತೀರಿ.”

“ಬೆಳಗಾಂವ್ ಮಂದಿಗೆ ಅದು ಗೊತ್ತಿರಲಿಲ್ಲಲ್ಲೋ! ಇವತ್ತ ಖರೇ ಆಟ ಆಡು. ಬೇಕಂತ ಬಿಟ್ಟುಕೊಟ್ಟಿ ಅಂದ್ರ ನಾಳಿಂದ ನಿನ್ನ ಜೋಡಿ ಆಡಂಗಿಲ್ಲ.”

ಕ್ಲಬ್ಬಿನ ಕಾರ್ಯದರ್ಶಿ ಹುಚ್ಚಪ್ಪನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. “ಮೆಂಬರ್ ಮಂದೀನ ಸೋಲಸಾಕ ಮಾರ್ಕರ್ ಯಾಕ ಬೇಕು? ವಿಚಾರ ಮಾಡು.” ಗೆದ್ದರೆ ಕೆಲಸಕ್ಕೆ ಸಂಚಕಾರ, ಬಿಟ್ಟುಕೊಟ್ಟರೆ ಗಿರಾಕಿ ಕೈತಪ್ಪುತ್ತಾರೆ. ಹುಚ್ಚಪ್ಪ ರ‍್ಯಾಕೆಟ್ ಹಿಡಿದು ಅಂಗಳಕ್ಕೆ ಇಳಿದರು.

ಇಳಿದ ಮೇಲೆ ಆದದ್ದೇ ಬೇರೆ. ಒಂದು ಗೇಮ್ ಹೋಯಿತು, ಎರಡು, ಮೂರು, ನಾಲ್ಕು. “ಮತ್ತ ನಾಟಕ ಹಚ್ಚಿದೇನು!” ಎಂದು ರಾಜಶೇಖರ ನೆಟ್ಟಿನಾಚೆಯಿಂದ ಗದರಿದರು. ನಾಟಕವಾಗಿದ್ದರೆ ಹುಚ್ಚಪ್ಪನಿಗೆ ನೆಮ್ಮದಿಯೇ ಇರುತ್ತಿತ್ತು. ಅವರು ಜೀವ ಒತ್ತೆಯಿಟ್ಟು ಆಡುತ್ತಿದ್ದರು. ಕೈ ಮಾತ್ರ ಹಳೆಯ ಚಾಕರಿಯನ್ನೇ ಮಾಡುತ್ತಿತ್ತು. ಎಲ್ಲಿ ಹೊಡೆದರೂ ಚೆಂಡು ಸಾಹುಕಾರರ ಬಲಗೈಗೆ, ಸೊಂಟದ ಎತ್ತರಕ್ಕೆ, ತಾಟಿನಲ್ಲಿಟ್ಟ ಹಾಗೆ ಹೋಗಿ ಕೂರುತ್ತಿತ್ತು.

“ಅವತ್ತ ಅಂಜಿಕಿ ಬಂತು ನೋಡ್ರಿ,” ಎನ್ನುತ್ತಾರೆ. “ಕೆಲಸ ಹೋಗತೈತಿ ಅಂತಲ್ಲ. ನನ್ನ ಕಡೆ ಆಟನ ಇಲ್ಲೇನೋ ಅಂತ. ಸೋತಂಗ ಮಾಡಕೋತ ಮಾಡಕೋತ ಖರೇನ ಸೋಲಾಂವ ಆಗಿಬಿಟ್ಟಿದ್ನೋ ಏನೋ.”

ನೀರು ಕುಡಿದು ಬಂದು ನಿಂತಾಗ ಅವರ ಕಣ್ಣು ರೂಢಿಯಂತೆ ರಾಜಶೇಖರರ ಕಾಲಿಗೆ ಹೋಯಿತು. ಸದಸ್ಯನ ಕಾಲು ಎಲ್ಲಿದೆಯೋ ಅಲ್ಲಿಗೆ ಚೆಂಡು ಕಳಿಸುವುದು ಮಾರ್ಕರನ ವಿದ್ಯೆ. ಸಾಹುಕಾರರ ಕಾಲು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಹಾಗಿದ್ದರೆ ಎಲ್ಲಿ ಮುಟ್ಟುವುದಿಲ್ಲ ಎಂಬುದೂ ಗೊತ್ತಿರಲೇಬೇಕಲ್ಲ? ಮುಂದಿನ ಚೆಂಡನ್ನು ಕಾಲು ಇಲ್ಲದ ಕಡೆಗೆ ಕಳಿಸಿದರು. ಸುಣ್ಣದ ಗೆರೆಯಿಂದ ಸಣ್ಣಗೆ ಧೂಳೆದ್ದಿತು. ರಾಜಶೇಖರ ಅಲ್ಲಾಡಲೇ ಇಲ್ಲ.

ಅಲ್ಲಿಂದ ಒಂದೊಂದೇ ಗೇಮ್ ಮರಳಿ ಬಂತು. ಐದು-ನಾಲ್ಕಾದಾಗ ಜಗುಲಿಯ ಮೇಲೆ ಚಹಾದ ಕಪ್ಪು-ಬಸಿಗಳ ಸದ್ದೂ ನಿಂತಿತು. ಕೊನೆಯ ಚೆಂಡು ಮೇಲೆದ್ದು ಬಂದಾಗ ಹುಚ್ಚಪ್ಪ ಒಂದು ಗಳಿಗೆ ಕಾರ್ಯದರ್ಶಿಯ ಮುಖ ನೋಡಿದರು. “ಅಲ್ಲೇನ್ ನೋಡತೀ, ಹೊಡಿಯೋ!” ಎಂದು ಕೂಗಿದವರು ಎದುರಾಳಿಯೇ. ಹೊಡೆದರು. ಆರು-ನಾಲ್ಕು. ರಾಜಶೇಖರ ಸೊಂಟ ಹಿಡಿದು ನಿಂತು, ಅಷ್ಟು ದೂರದಲ್ಲಿ ಬಿದ್ದ ಚೆಂಡನ್ನೇ ನೋಡಿ, “ಇಂಥಾ ಆಟದ ಸಂಗಾಟ ಆಡಬೇಕಾಗಿತ್ತು ನೋಡು ನಾ, ಇಷ್ಟ ದಿನ,” ಎಂದರು. ಎದುರಾಳಿಯೇ ಬೆನ್ನಿಗೆ ನಿಂತ ಮೇಲೆ ಕಾರ್ಯದರ್ಶಿ ಕೆಲಸದ ಮಾತೆತ್ತಲಿಲ್ಲ.

ಈಗ ಸದಸ್ಯರು ಅಂಗಳಕ್ಕೆ ಬಂದವರೇ ಹೇಳಿಬಿಡುತ್ತಾರೆ: ಖರೇ ಆಟವೋ, ದಿನದ ಆಟವೋ. ಹೆಚ್ಚಿನವರಿಗೆ ದಿನದ ಆಟವೇ ಮೈಗೆ ಒಗ್ಗುತ್ತದೆ. ಕೋರ್ಟಿನಲ್ಲಿ ಸೋತು ಬರುವ ವಕೀಲರಿಗೆ ಈ ಕೋರ್ಟಿನಲ್ಲಾದರೂ ಗೆಲುವು ಬೇಡವೇ? ರಾಜಶೇಖರ ಮಾತ್ರ ದಿನಾ ಖರೇ ಆಟ ಆಡಿ, ದಿನಾ ಸೋತು, ತಾವೇ ಚಹಾ ಕುಡಿಸಿ ಹೋಗುತ್ತಾರೆ. ಗುಲಾಬಸಾಬರ ಮಂತ್ರ ಅವರೊಬ್ಬರ ವಿಷಯದಲ್ಲಿ ಸುಳ್ಳಾಗಿದೆ.

ಹುಚ್ಚಪ್ಪ ನೆಟ್ ಬಿಗಿದು ಗೇಟಿನ ಕಡೆ ನೋಡುತ್ತಾರೆ. ಸಾಹುಕಾರರ ಸ್ಕೂಟರಿನ ಸದ್ದು ಕೇಳುತ್ತಿದೆ.

“ನಂದೇನ್ ದೊಡ್ಡ ಆಸೆ ಇಲ್ರಿ,” ಎನ್ನುತ್ತಾರೆ. “ಒಮ್ಮೆರೆ ಸಾಹುಕಾರ್ರು ನನ್ನ ಖರೇ ಆಟದಾಗ ಸೋಲಸಬೇಕು. ಇಷ್ಟ ವರ್ಷ ಕೈ ಬಿಟ್ಟ ಸೋತೇನಿ. ಕೈ ಬಿಡದ ಸೋತ್ರ ಹೆಂಗ ಅನಸತೈತಿ, ನೋಡಬೇಕಾಗೇತಿ.”