ಮಗಳ ಪಕ್ಕದ ಕುರ್ಚಿ

ಹೊಲಿಗೆ ಟೀಚರಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಯಾರಾದರೂ ಅಂದರೆ ಅವಳು ಜಗಳಕ್ಕೆ ಬರುತ್ತಿರಲಿಲ್ಲ. "ಇರೋದನ್ನ ಇಲ್ಲ ಅನ್ನೋಕಾಗುತ್ತಾ?" ಎಂದು ದಾರವನ್ನು ಹಲ್ಲಿನಿಂದ ಕಡಿದು ಕೆಲಸ ಮುಂದುವರಿಸುತ್ತಿದ್ದಳು. ಪಕ್ಕದ ಮನೆಯವರ ಹೊಸ ಫ್ರಿಜ್ಜು, ಸಂಗೀತ ಟೀಚರ ಗುಂಗುರು ಕೂದಲು, ಸ್ವಂತ ಅಕ್ಕನ ಮಹಡಿ ಮನೆ, ಇವೆಲ್ಲ ಸಣ್ಣ ಪುಟ್ಟ ಕಿಚ್ಚುಗಳು. ನೆಗಡಿಯ ಹಾಗೆ ಬಂದು, ಎರಡು ದಿನ ಇದ್ದು ಹೋಗುತ್ತಿದ್ದವು. ಬಂದು ಹೋಗದೆ ಕೂತದ್ದು ಒಂದೇ ಒಂದು. ಅದು ನಾದಿನಿಯ ಮೇಲಿನದು.

ನಾದಿನಿ ವಕೀಲೆ. ಮದುವೆಯಾಗಿರಲಿಲ್ಲ, ಎರಡು ಬೀದಿ ಆಚೆ ಒಂದು ಕೋಣೆ ಮಾಡಿಕೊಂಡಿದ್ದಳು. ಸಂಜೆ ಅವಳ ಸ್ಕೂಟರಿನ ಸದ್ದು ಕೇಳಿಸಿದರೆ ಸಾಕು, ಒಂಬತ್ತನೇ ತರಗತಿಯ ಮಗಳು ಪುಸ್ತಕ ಎಸೆದು ಬಾಗಿಲಿಗೆ ಓಡುತ್ತಿದ್ದಳು. ಆಮೇಲೆ ಊಟದ ತನಕ "ಅತ್ತೆ ಹಾಗಂದ್ರು, ಅತ್ತೆ ಹೀಗಂದ್ರು" ಎಂಬ ಪಾರಾಯಣ. ಹೆತ್ತವಳು ಎದುರಿಗೇ ತಟ್ಟೆ ಇಡುತ್ತಿದ್ದಾಳೆ ಎಂಬುದು ಮಗಳಿಗೂ ಕಾಣುತ್ತಿರಲಿಲ್ಲ, ಮಗಳ ಅಪ್ಪನಿಗೂ ಕಾಣುತ್ತಿರಲಿಲ್ಲ. ಅಪ್ಪ ಬಸ್ ಕಂಡಕ್ಟರ್, ದಿನವಿಡೀ ಜನರ ಗಲಾಟೆ ಕೇಳಿ ಬಂದವನು. ತಂಗಿ ಎಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಮನೆಯಲ್ಲಿ ಹೀಗಾದರೂ, ಮಗಳು ಓದುತ್ತಿದ್ದ ಶಾಲೆಯಲ್ಲೇ ಹೊಲಿಗೆ ಟೀಚರಿಗೆ ತನ್ನದೇ ಒಂದು ರಾಜ್ಯವಿತ್ತು. ಕಾರಿಡಾರಿನ ತುದಿಯಲ್ಲಿ, ನೀರಿನ ನಲ್ಲಿಯ ಪಕ್ಕ, ಒಂದೇ ಕಿಟಕಿಯ ಉದ್ದನೆಯ ಕೋಣೆ. ಕಾಲಿನಿಂದ ತುಳಿಯುವ ಮೆಷಿನುಗಳು, ಬಟನ್ ತುಂಬಿದ ಬಿಸ್ಕತ್ತಿನ ಡಬ್ಬಿ, ನೆಲದ ತುಂಬ ಬಟ್ಟೆಯ ಚೂರು. ಆಟದಲ್ಲಿ ಕಾಲರ್ ಹರಿದುಕೊಂಡವರು, ಜಿಪ್ ಕಿತ್ತುಕೊಂಡವರು, ಸ್ಕರ್ಟಿನ ಮೇಲೆ ಕಲೆಯಾಗಿ ಅಳುತ್ತಾ ಬಂದ ಹುಡುಗಿಯರು, ಎಲ್ಲರೂ ಬರುವುದು ಇಲ್ಲಿಗೇ. ಬಂದವರು ತಮ್ಮ ಗುಟ್ಟನ್ನೂ ಜೊತೆಗೆ ತರುತ್ತಿದ್ದರು. ಅವಳು ಬಾಯಿಗೆ ಬೀಗ ಹಾಕಿಕೊಂಡು, ಬಟನ್ ಹಚ್ಚಿ ಕಳಿಸುತ್ತಿದ್ದಳು.

ಆ ರಾಜ್ಯಕ್ಕೂ ನಾದಿನಿ ಕಾಲಿಟ್ಟಳು. ಸಮಾಜದ ಟೀಚರ್ ಒಂದು ಶನಿವಾರ ಅವಳನ್ನು ಭಾಷಣಕ್ಕೆ ಕರೆಸಿದರು. ವಿಷಯ, ಶಾಲೆಯಲ್ಲಿ ಮಕ್ಕಳಿಗಿರುವ ಹಕ್ಕು. ನಾದಿನಿ ಮೇಜಿನ ಮೇಲೆ ಹತ್ತಿ ಕೂತು, ಕಾಲು ಆಡಿಸುತ್ತಾ ಹೇಳಿದಳು: ನಿಮ್ಮ ಮೇಲೆ ಯಾರೂ ಕೈ ಮಾಡುವ ಹಾಗಿಲ್ಲ. ನಿಮ್ಮ ಚೀಲವನ್ನು ಎಲ್ಲರೆದುರು ಸುರಿದು ಮಾನ ಕಳೆಯುವ ಹಾಗಿಲ್ಲ. ಬಟ್ಟೆ ಸರಿ ಇಲ್ಲ ಎಂದು ಪಾಠದಿಂದ ಹೊರಗಿಡುವ ಹಾಗಿಲ್ಲ. ನಿಮ್ಮ ಮಾತು ಕೇಳದೆ ಶಾಲೆಯಿಂದ ತೆಗೆಯುವ ಹಾಗಂತೂ ಇಲ್ಲವೇ ಇಲ್ಲ. ಮಕ್ಕಳು ಬಾಯಿ ಬಿಟ್ಟು ಕೇಳಿದರು. ಮುಗಿದ ಮೇಲೆ ಹುಡುಗಿಯರೆಲ್ಲ ಅವಳನ್ನು ಮುತ್ತಿಕೊಂಡು, ಗೇಟಿನ ತನಕ ಬಿಟ್ಟು ಬಂದರು. ಕಿಟಕಿಯಿಂದ ನೋಡುತ್ತಿದ್ದ ಹೊಲಿಗೆ ಟೀಚರ್ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು. ಇಷ್ಟು ವರ್ಷ ಇದೇ ಹುಡುಗಿಯರ ಕಣ್ಣೀರು ಒರೆಸಿದವಳು ತಾನು, ಒಂದು ಗಂಟೆ ಬಂದು ಹೋದವಳ ಹಿಂದೆ ಈ ಮೆರವಣಿಗೆ ಎಂದು ಅವಳ ಹೊಟ್ಟೆ ಧಗಧಗ ಉರಿಯಿತು.

ಹದಿನೈದು ದಿನ ಕಳೆದಿರಲಿಲ್ಲ. ಮಗಳ ಗೆಳತಿಯೊಬ್ಬಳು ಉದ್ದ ಬೆಳೆದಿದ್ದಳು, ಸ್ಕರ್ಟು ಬೆಳೆದಿರಲಿಲ್ಲ. ಡ್ರಿಲ್ ಮಾಸ್ತರು ಅವಳನ್ನು ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದರು. ಮಗಳು ಪ್ರಾರ್ಥನೆಯ ಸಾಲು ಬಿಟ್ಟು ಹೋಗಿ ಅವಳ ಪಕ್ಕ ನಿಂತಳು. ಮುಖ್ಯೋಪಾಧ್ಯಾಯಿನಿ ಬಂದು ಗದರಿದರೆ, ಇಡೀ ಶಾಲೆಯ ಎದುರು, "ಅವಳನ್ನ ಪಾಠದಿಂದ ಹೊರಗಿಡೋ ಅಧಿಕಾರ ನಿಮಗಿಲ್ಲ ಮೇಡಂ" ಅಂದಳು.

ಮೇಡಂಗೆ ಸಿಟ್ಟು ನೆತ್ತಿಗೇರಿತು. ಉದ್ಧಟತನ, ಶಿಸ್ತು ಮುರಿದದ್ದು, ಮಗಳ ಕೈಗೆ ಟೀಸಿ ಕೊಟ್ಟು ಕಳಿಸುವುದು ಎಂದರು. ಆದರೆ ಸುಮ್ಮನೆ ಕಳಿಸಲು ಕಾನೂನು ಬಿಡಬೇಕಲ್ಲ. ವಿಚಾರಣೆಗೆ ದಿನ ಗೊತ್ತು ಮಾಡಿದರು, ಗುರುವಾರ ಮಧ್ಯಾಹ್ನ.

"ಎರಡು ಹೊಲಿಗೆ ಬಿಚ್ಚಿ ಮಡಿಕೆ ಇಳಿಸಿದ್ರೆ ಮುಗೀತಿತ್ತು" ಎಂದು ಹೊಲಿಗೆ ಟೀಚರ್ ಮನೆಯಲ್ಲಿ ಗೊಣಗಿದಳು. "ಅವಳನ್ನ ನನ್ನ ಹತ್ರ ಕರ್ಕೊಂಡು ಬರೋಕೆ ನಿನಗೇನಾಗಿತ್ತು?"

"ಸ್ಕರ್ಟಿನ ವಿಷಯ ಅಲ್ಲಮ್ಮ ಇದು" ಅಂದಳು ಮಗಳು.

"ಅಲ್ವಂತೆ ಅತ್ತಿಗೆ" ಎಂದು ನಾದಿನಿ ನಕ್ಕಳು. ಆಮೇಲೆ ಹುಡುಗಿಯ ಕಡೆ ತಿರುಗಿ, "ನೋಡು ಪುಟ್ಟಿ, ವಿಚಾರಣೆಗೆ ನಿನಗೆ ಬೇಕಾದ ಹಿರಿಯರೊಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಬಹುದು. ನಿನ್ನ ಪರವಾಗಿ ಅವರೂ ಮಾತಾಡಬಹುದು. ಯಾರು ಅಂತ ನೀನೇ ಹೇಳ್ಬೇಕು, ನಾವಲ್ಲ."

ತಾಯಿ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸೆಟೆದು ನಿಂತಳು. ಮಗಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಅತ್ತೆ" ಅಂದುಬಿಟ್ಟಳು.

"ಹೆತ್ತವಳು ಇನ್ನೂ ಬದುಕಿದೀನಿ ಕಣೇ."

"ನೀನು ಬಂದ್ರೆ ಅಳ್ತೀಯಮ್ಮ."

ಕಂಡಕ್ಟರು ಕಿಸಕ್ಕನೆ ನಕ್ಕ. ಅದು ನಿಜವೇ, ಮಗಳ ಅಂಕಪಟ್ಟಿಗೆ ಸಹಿ ಹಾಕುವಾಗಲೂ ಅಳುವ ಹೆಂಗಸು ಅವಳು. ನಿಜವಾದದ್ದರಿಂದಲೇ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಈ ಶಾಲೆಗೆ ಒಂದು ಸೋಮಾರಿ ಅಭ್ಯಾಸವಿತ್ತು. ಬೇರೆ ಮಕ್ಕಳ ಮನೆಗೆ ಏನಾದರೂ ತಿಳಿಸಬೇಕಿದ್ದರೆ ಕಾಗದ ಬರೆದು, ಮೊಹರು ಒತ್ತಿ ಕಳಿಸುತ್ತಿದ್ದರು. ಈ ಹುಡುಗಿಯ ಮಟ್ಟಿಗೆ ಅದೆಲ್ಲ ಯಾಕೆ, ತಾಯಿ ಇಲ್ಲೇ ಇದ್ದಾಳಲ್ಲ ಎಂದು ಕಾರಿಡಾರಿನಲ್ಲೇ ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಬುಧವಾರವೂ ಹಾಗೇ ಆಯಿತು. ಮೇಡಂ ನಡೆಯುತ್ತಲೇ, "ನಾಳೆ ಮಧ್ಯಾಹ್ನ ಅಧ್ಯಕ್ಷರಿಗೆ ಬೇರೆ ಕೆಲಸ ಇದೆಯಂತೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಇಟ್ಕೊಂಡಿದೀವಿ. ಮಗಳಿಗೂ ನಿಮ್ಮ ನಾದಿನಿಗೂ ಹೇಳಿಬಿಡಿ" ಎಂದು ಹೋದರು.

ಹೇಳಬಾರದು ಎಂದೇನೂ ಅವಳು ಆಗಲೇ ತೀರ್ಮಾನಿಸಿರಲಿಲ್ಲ. ಸಂಜೆ ಚಹಾ ಹಿಡಿದು ಮಗಳ ಕೋಣೆಗೆ ಹೋದಾಗಲೂ ಹೇಳುವ ಮನಸ್ಸೇ ಇತ್ತು. ಒಳಗೆ ಅತ್ತೆ, ಸೊಸೆ ತಲೆಗೆ ತಲೆ ತಾಗಿಸಿಕೊಂಡು ನಾಳೆ ಆಡಬೇಕಾದ ಮಾತು ಜೋಡಿಸುತ್ತಿದ್ದರು, ಬಿದ್ದು ಬಿದ್ದು ನಗುತ್ತಿದ್ದರು. ಇವಳನ್ನು ಕಂಡ ಕೂಡಲೇ ನಗು ನಿಂತಿತು.

"ಅಲ್ಲಿಡಮ್ಮ" ಅಂದಳು ಮಗಳು, ತಲೆ ಎತ್ತದೆ.

ತಾಯಿ ಲೋಟ ಇಟ್ಟು ಹೊರಬಂದಳು. ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಕುರ್ಚಿ ಖಾಲಿ ಇರುತ್ತದೆ, ಮಗಳು ಆ ಕಡೆ ಈ ಕಡೆ ನೋಡುತ್ತಾಳೆ, ಆಗ ತಾನು ಹೋಗಿ ಕೂರುತ್ತೇನೆ. ಅಳುವುದಿಲ್ಲ. ಕಷ್ಟಕ್ಕೆ ಆಗುವವರು ಯಾರು ಎಂದು ಹುಡುಗಿಗೂ ಗೊತ್ತಾಗಲಿ. ಈ ಲೆಕ್ಕದಲ್ಲಿ ಅವಳಿಗೆ ಚೂರೂ ಪಾಪ ಕಾಣಲಿಲ್ಲ. ಹೊಟ್ಟೆಕಿಚ್ಚಿಗೆ ತನ್ನದೇ ಒಂದು ನ್ಯಾಯ ಇರುತ್ತದೆ, ಅದರಲ್ಲಿ ಯಾವಾಗಲೂ ತನ್ನ ಕಡೆಗೇ ತೀರ್ಪು.

ಬೆಳಿಗ್ಗೆ ಮಗಳನ್ನು ತರಗತಿಯಿಂದ ಕರೆಸಿದರು. ಮೇಡಂ ಕೋಣೆಯಲ್ಲಿ ಉದ್ದ ಮೇಜು. ನಡುವೆ ಆಡಳಿತ ಮಂಡಳಿಯ ಅಧ್ಯಕ್ಷರು, ಕಿವಿ ಮಂದವಾದ ಮುದುಕರು. ಒಂದು ಪಕ್ಕ ಮೇಡಂ, ಇನ್ನೊಂದು ಪಕ್ಕ ಡ್ರಿಲ್ ಮಾಸ್ತರು. ಎದುರಿಗೆ ಎರಡು ಕುರ್ಚಿ.

"ಮಧ್ಯಾಹ್ನ ಅಲ್ವಾ ಮೇಡಂ?" ಎಂದು ಹುಡುಗಿ ಗಾಬರಿಯಾದಳು. "ಅತ್ತೆ ಇನ್ನೂ ಬಂದಿಲ್ಲ."

ಬಾಗಿಲಲ್ಲಿ ಕಾದಿದ್ದ ತಾಯಿ ಮುಂದೆ ಬಂದು ಖಾಲಿ ಕುರ್ಚಿಯ ಬೆನ್ನಿಗೆ ಕೈ ಇಟ್ಟಳು.

"ನೀವು ಕೂರೋ ಹಾಗಿಲ್ಲ" ಅಂದರು ಮೇಡಂ. "ನೀವು ಶಾಲೆಯ ಸಿಬ್ಬಂದಿ. ಅವಳು ಹೆಸರು ಕೊಟ್ಟಿರೋದು ಬೇರೆಯವರದು."

ಇದು ಅವಳ ಲೆಕ್ಕದಲ್ಲಿ ಇರಲಿಲ್ಲ. ಕೈ ತೆಗೆದು ಬಾಗಿಲ ಹತ್ತಿರ ಹೋಗಿ ನಿಂತಳು. ಮಗಳ ಪಕ್ಕದ ಕುರ್ಚಿ ಹಾಗೇ ಉಳಿಯಿತು.

ಮುದುಕರು ಕನ್ನಡಕದ ಮೇಲಿಂದ ನೋಡಿದರು. "ಈ ಮಗುವಿನ ಕಡೆಯವರು ಎಲ್ಲಿ? ಸಮಯ ಬದಲಾಗಿದ್ದು ಅವರಿಗೆ ತಿಳಿಸಿದೀರಾ?"

"ಹೊಲಿಗೆ ಟೀಚರಿಗೆ ನಿನ್ನೆಯೇ ಹೇಳಿದೀನಿ ಸಾರ್. ಒಂದೇ ಮನೆಯವರು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮಗಳೂ ತಿರುಗಿದಳು.

"ಹೇಳಿದೀನಿ" ಅಂದಳು ಹೊಲಿಗೆ ಟೀಚರ್. ಮಾತು ಸಲೀಸಾಗಿ ಬಂತು. "ನಿನಗೆ ಹೇಳಿದ್ರೆ ಹೆದರ್ತೀಯ ಅಂತ ಹೇಳಲಿಲ್ಲ ಪುಟ್ಟಿ. ಅತ್ತೆಗೆ ಹೇಳಿದೀನಿ. ಬರ್ತೀನಿ ಅಂದಿದ್ಲು."

ಎಷ್ಟೋ ವರ್ಷದಿಂದ ಅವಳು ಕಾಯುತ್ತಿದ್ದ ಗಳಿಗೆ ಅದು. ಅತ್ತೆ ಎಂಬ ಗೋಪುರ ಮಗಳ ಕಣ್ಣೆದುರೇ ಕುಸಿಯಿತು. ಖುಷಿಯಾಗಬೇಕಿತ್ತು. ಆದರೆ ಹುಡುಗಿಗೆ ಸಿಟ್ಟು ಬರಲಿಲ್ಲ, ಅವಳು ಅತ್ತೆಯನ್ನು ಬೈಯಲೂ ಇಲ್ಲ. ಭುಜ ಇಳಿಬಿಟ್ಟು, ಆರನೇ ತರಗತಿಯವಳಷ್ಟು ಸಣ್ಣದಾಗಿ ಕುರ್ಚಿಯಲ್ಲಿ ಮುದುಡಿದಳು. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. ಡ್ರಿಲ್ ಮಾಸ್ತರು ತಮ್ಮ ದೂರು ಹೇಳಿದರು. "ನೀನೇನು ಹೇಳ್ತೀಯ?" ಎಂದು ಕೇಳಿದರೆ ಅವಳು ಮೇಜಿನ ಅಂಚು ನೋಡುತ್ತಾ ಕೂತಳು.

ಮೇಡಂ ದನಿ ಮೆತ್ತಗೆ ಮಾಡಿದರು. "ನೋಡಮ್ಮ, ತಪ್ಪಾಯ್ತು, ನಾನೇ ಶಾಲೆ ಬಿಡ್ತೀನಿ ಅಂತ ಬರೆದುಕೊಡು. ಟೀಸಿಯಲ್ಲಿ ಕೆಟ್ಟದೇನೂ ಬರೆಯಲ್ಲ. ಇಲ್ಲದಿದ್ರೆ ಬರೀಬೇಕಾಗುತ್ತೆ." ಹಾಳೆಯನ್ನೂ ಪೆನ್ನನ್ನೂ ಮುಂದೆ ತಳ್ಳಿದರು.

ಹುಡುಗಿ ಪೆನ್ನು ತೆಗೆದುಕೊಂಡಳು.

ಬಿಸಿಲಲ್ಲಿ ಗೆಳತಿಯ ಪಕ್ಕ ನಿಂತವಳು, ಇಡೀ ಶಾಲೆಯೆದುರು ಬಾಯಿ ಮಾಡಿದವಳು, ಈಗ ಕುರಿಮರಿಯಂತೆ ಬಗ್ಗಿ ಬರೆಯುತ್ತಿದ್ದಾಳೆ. ನಾದಿನಿಗೆ ತೋಡಿದ ಗುಂಡಿಗೆ ಬಿದ್ದದ್ದು ತನ್ನ ಕೂಸು ಎಂದು ತಾಯಿಗೆ ಆಗ ಹೊಳೆಯಿತು.

"ಬರೀಬೇಡ!" ಎಂದಳು. "ನಾನು ಹೇಳಲಿಲ್ಲ ಸಾರ್."

"ಏನಂದ್ರಿ?" ಮುದುಕರು ಕಿವಿಗೆ ಕೈ ಹಿಡಿದರು. "ಜೋರಾಗಿ ಹೇಳಿ."

"ಸಮಯ ಬದಲಾಗಿದ್ದು ನಾನು ನಾದಿನಿಗೆ ಹೇಳಲಿಲ್ಲ. ಹೇಳಿದೆ ಅಂದಿದ್ದು ಸುಳ್ಳು."

"ಯಾಕೆ?"

"ಹೊಟ್ಟೆಕಿಚ್ಚು ಸಾರ್."

"ಏನದು?"

"ಹೊಟ್ಟೆಕಿಚ್ಚು!" ಎಂದು ಕಿರುಚಿದಳು. ಕಾರಿಡಾರಿನಲ್ಲಿ ನೀರು ಕುಡಿಯುತ್ತಿದ್ದ ಮಕ್ಕಳು ನಲ್ಲಿ ನಿಲ್ಲಿಸಿ ಕೇಳಿದರು. "ಹೆತ್ತವಳನ್ನ ಬಿಟ್ಟು ಅತ್ತೇನ ಕರೆದ್ಲು ಅಂತ!"

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಡಂ ಕಡೆ ತಿರುಗಿ, "ತಿಳಿಸಬೇಕಾದವರಿಗೆ ತಿಳಿಸೋದು ಶಾಲೆಯ ಕೆಲಸ, ದಾರಿಯಲ್ಲಿ ಸಿಕ್ಕಿದವರದ್ದಲ್ಲ. ಇವತ್ತು ವಿಚಾರಣೆ ನಡೆದೇ ಇಲ್ಲ. ಆ ಹಾಳೆ ಹರಿದುಹಾಕಿ. ಇನ್ನೊಂದು ದಿನ ಗೊತ್ತು ಮಾಡಿ" ಎಂದು ಎದ್ದರು.

ಮನೆಯಲ್ಲಿ ರಾಮಾಯಣವಾಗುತ್ತದೆಂದು ಅವಳು ಎದೆ ಗಟ್ಟಿ ಮಾಡಿಕೊಂಡು ಕೂತಳು. ನಾದಿನಿ ಬೈಯಲಿಲ್ಲ. "ಹೋಗ್ಲಿ ಬಿಡಿ ಅತ್ತಿಗೆ, ಸುಳ್ಳು ಹೇಳಿದ ಮೇಲೆ ಅದನ್ನ ವಾಪಸ್ ತಗೊಳ್ಳೋದು ಎಲ್ಲರಿಗೂ ಆಗಲ್ಲ. ದಿನಾ ಕೋರ್ಟಲ್ಲಿ ನೋಡ್ತೀನಲ್ಲ" ಅಂದಳು. ಈ ದೊಡ್ಡ ಮನಸ್ಸನ್ನು ಕಂಡು ಹೊಲಿಗೆ ಟೀಚರಿಗೆ ಮತ್ತೆ ಹೊಟ್ಟೆ ಉರಿಯಿತು. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಎರಡನೇ ವಿಚಾರಣೆ ಯಾವತ್ತು ಎಂದು ತಿಳಿಸಲು ಜವಾನ ಹೊಲಿಗೆ ಕೋಣೆಗೇ ಬಂದ. ಮಗಳು ಅಲ್ಲೇ ಇದ್ದಳು. ಅವನು ತಾಯಿಯ ಕಡೆ ಚಾಚಿದ ಚೀಟಿಗೆ ತಾನೇ ಕೈ ಒಡ್ಡಿ, "ನನಗೆ ಕೊಡಿ" ಅಂದಳು. ತಾಯಿ ಮೆಷಿನ್ ತುಳಿಯುತ್ತಲೇ ಇದ್ದಳು, ಸೂಜಿಯಲ್ಲಿ ದಾರ ಇರಲಿಲ್ಲ.

ವಿಚಾರಣೆಯ ದಿನ ಅತ್ತೆ ಬಂದು ಪಕ್ಕದಲ್ಲಿ ಕೂತಳು. ಆದರೆ ಮಾತೆಲ್ಲ ಹುಡುಗಿಯದೇ ಎಂದು ಆಮೇಲೆ ಗೊತ್ತಾಯಿತು. ಮೇಡಂ ಎದುರು ದನಿ ಎತ್ತಿದ್ದಕ್ಕೆ ಕ್ಷಮೆ ಕೇಳಿದಳು, ಗೆಳತಿಯ ಪಕ್ಕ ನಿಂತದ್ದಕ್ಕೆ ಕೇಳಲಿಲ್ಲ. ಅವಳು ಅದೇ ಶಾಲೆಯಲ್ಲಿ ಉಳಿದಳು. ಬಟ್ಟೆಯ ಕಾರಣಕ್ಕೆ ಯಾರನ್ನೂ ಗೇಟಿನ ಹೊರಗೆ ನಿಲ್ಲಿಸಬಾರದು ಎಂದೂ ಆಯಿತು. ಹುಡುಗಿಯರು ಮತ್ತೆ ವಕೀಲೆಯನ್ನು ಮುತ್ತಿಕೊಂಡು ಗೇಟಿಗೆ ಹೊರಟರು. ಹೊಲಿಗೆ ಟೀಚರ್ ಕಿಟಕಿಯಿಂದ ನೋಡಿದಳು. ಉರಿಯಿತು. ಯಾಕೆ ಸುಳ್ಳು, ಚೆನ್ನಾಗಿಯೇ ಉರಿಯಿತು.

ಮಗಳು ಆ ಗುಂಪಿನಲ್ಲಿ ಇರಲಿಲ್ಲ. ಹೊಲಿಗೆ ಕೋಣೆಗೆ ಬಂದು, ನೀರು ಕುಡಿದು, ಸ್ಟೂಲಿನ ಮೇಲೆ ಕೂತಳು.

"ಇನ್ನೂ ಕೋಪ ಇದ್ಯಾ ನನ್ನ ಮೇಲೆ?" ಎಂದು ತಾಯಿ ಕೇಳಿದಳು.

"ಕೋಪ ಇಲ್ಲಮ್ಮ." ಹುಡುಗಿ ನೆಲದ ಮೇಲಿದ್ದ ಬಟ್ಟೆಯ ಚೂರನ್ನು ಕಾಲಿನಿಂದ ಸರಿಸಿದಳು. "ಅತ್ತೆ ಯಾವತ್ತೂ ಕೈ ಕೊಟ್ಟವರಲ್ಲ, ಅದು ನನಗೂ ಗೊತ್ತಿತ್ತು. ಆದ್ರೆ ನೀನು ಹೇಳಿದೀನಿ ಅಂದ್ಯಲ್ಲ, ತಕ್ಷಣ ಅತ್ತೇನ ಬಿಟ್ಟು ನಿನ್ನ ಮಾತೇ ನಂಬಿದೆ. ಒಂದು ಸಲಾನೂ ಅನುಮಾನ ಬರಲಿಲ್ಲ."

ಗಂಟೆ ಹೊಡೆಯಿತು. ಮಗಳು ಚೀಲ ಹೆಗಲಿಗೇರಿಸಿ ತರಗತಿಗೆ ಹೋದಳು.