ಸುಮ್ಮನಿರುವ ಹತ್ತು ನಿಮಿಷ

ಆಸ್ಪತ್ರೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಅಲ್ಲಾಡಬೇಡಿ ಅಕ್ಕ' ಎಂದರೆ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಗೊತ್ತು. ಸ್ಕ್ಯಾನಿಂಗ್ ಯಂತ್ರದ ಕೊಳವೆಯೊಳಗೆ ಮಲಗಿದವರಿಗೆ ಗಾಜಿನಾಚೆಯಿಂದ, ಮೈಕಿನಲ್ಲಿ, ಹದಿನೇಳು ವರ್ಷಗಳಿಂದ ಆಕೆ ಹೇಳುತ್ತ ಬಂದದ್ದು ಅದೊಂದೇ ಮಾತು. ಕಿವಿಗಳ ಪಕ್ಕ ಸ್ಪಂಜು ತುರುಕಿ, ಹಣೆಗೆ ಪಟ್ಟಿ ಬಿಗಿದು, ಕೈಗೊಂದು ರಬ್ಬರ್ ಚೆಂಡು ಕೊಟ್ಟು, "ಹೆದರಿಕೆ ಆದ್ರೆ ಒತ್ತಿ, ಆದ್ರೆ ಅಲ್ಲಾಡಬೇಡಿ" ಎನ್ನುವಳು.

ಆಕೆಯ ಕೈ ಚೆನ್ನಾಗಿ ಪಳಗಿದ್ದುದು ವಿಶ್ರಾಂತಿಯ ಸ್ಕ್ಯಾನಿನಲ್ಲಿ. ಮಲಗಿದವರು ಅದರಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ಹತ್ತು ನಿಮಿಷ ತೆಪ್ಪಗಿರಬೇಕು, ಅಷ್ಟೆ. ಆಗ ಮಿದುಳು ಮಾತ್ರ ತೆಪ್ಪಗಿರುವುದಿಲ್ಲ. ಹಣೆಯ ಹಿಂದಿನ ಒಂದು ಭಾಗ, ತಲೆಯ ಹಿಂಬದಿಯ ನಡುವಿನ ಇನ್ನೊಂದು ಭಾಗ, ಒಂದಕ್ಕೊಂದು ಅಷ್ಟು ದೂರವಿದ್ದೂ, ರಕ್ತದಲ್ಲಿನ ಆಮ್ಲಜನಕ ಎರಡರಲ್ಲೂ ಒಟ್ಟಿಗೇ ನಿಧಾನವಾಗಿ ಏರಿ ಒಟ್ಟಿಗೇ ಇಳಿಯುತ್ತದೆ. ಕೆಲಸವೆಲ್ಲ ಮುಗಿದ ಮೇಲೂ ಬಾಗಿಲಲ್ಲಿ ನಿಂತು ಹರಟುವ ನೆರೆಮನೆಯವರ ಹಾಗೆ ಅವು. ಆ ಹರಟೆಯನ್ನು ಹಿಡಿಯುವುದೇ ಈ ಸ್ಕ್ಯಾನ್. ತಲೆ ಅರ್ಧ ಮಿಲಿಮೀಟರ್ ಸರಿದರೂ ಇಲ್ಲದ ಹರಟೆ ಇದ್ದಂತೆ ಕಾಣುವುದುಂಟು. ಅದಕ್ಕಾಗಿ, ಅಲುಗಿದ ಹೊತ್ತಿನ ಚಿತ್ರಗಳನ್ನೆಲ್ಲ ಕಂಪ್ಯೂಟರು ಮುಲಾಜಿಲ್ಲದೆ ಕಿತ್ತೆಸೆಯುತ್ತದೆ.

"ಏನೂ ಮಾಡಬೇಡಿ ಅಂತ ಹೇಳೋಕೆ ನಿಂಗೆ ಸಂಬಳ ಕೊಡ್ತಾರಲ್ಲಕ್ಕಾ! ನಾನು ಏಣಿ ಮೇಲೆ ನಿಂತು ದಿನವಿಡೀ ಗೋಡೆ ಬಳೀತೀನಿ, ಕತ್ತು ಉಳುಕೋದೊಂದೇ ಲಾಭ" ಎಂದು ತಮ್ಮ ಛೇಡಿಸುತ್ತಿದ್ದ. ಮನೆಗಳಿಗೆ ಬಣ್ಣ ಬಳಿಯುವ ಅವನು ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಬರುವಷ್ಟು ಎತ್ತರ. ಅಕ್ಕನ ಬಾಯಲ್ಲಿ ಅವನು ಉದ್ದಣ್ಣ.

ಉದ್ದಣ್ಣ ಎರಡನೇ ಮಹಡಿಯಿಂದ ಬಿದ್ದು ಹನ್ನೊಂದು ವಾರವಾಗಿತ್ತು. ಕಣ್ಣು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ನೋಟ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ನರರೋಗದ ಡಾಕ್ಟರಮ್ಮ ಆಕೆಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: "ಪುನಶ್ಚೇತನ ವಾರ್ಡಿನಲ್ಲಿ ಇರೋದು ಆರೇ ಹಾಸಿಗೆ. ಉಳಿದ ಪರೀಕ್ಷೆಗಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ವಿಶ್ರಾಂತಿಯ ಸ್ಕ್ಯಾನಲ್ಲಿ ಒಂಚೂರು ಸಂಪರ್ಕ ಕಂಡ್ರೂ ಸಾಕು, ಅವನ ಹಾಸಿಗೆಗೋಸ್ಕರ ನಾನು ಜಗಳಕ್ಕೇ ನಿಲ್ತೀನಿ. ಕಾಣದಿದ್ರೆ..." ಕಾಣದಿದ್ದರೆ ಹಿಂಬದಿಯ ಕಟ್ಟಡ. ಅಲ್ಲಿ ಹೊತ್ತುಹೊತ್ತಿಗೆ ಕೊಳವೆಯಲ್ಲಿ ಉಣಿಸಿ ಮಗ್ಗುಲು ಬದಲಿಸುತ್ತಾರೆ. ಬೇರೇನನ್ನೂ ಯಾರೂ ನಿರೀಕ್ಷಿಸುವುದಿಲ್ಲ.

ಆ ಆಸ್ಪತ್ರೆಯಲ್ಲಿ ಆ ಸ್ಕ್ಯಾನ್ ಮಾಡಬಲ್ಲವಳು ಆಕೆಯೊಬ್ಬಳೇ ಆಗಿದ್ದಳು. ತಮ್ಮನ ತಲೆಗೆ ತಾನೇ ಪಟ್ಟಿ ಬಿಗಿದು, ಗಾಜಿನಾಚೆ ಬಂದು ಕುಳಿತಳು. ಮೊದಲ ಎರಡು ನಿಮಿಷ ತಲೆಯ ಚಲನೆ ತೋರಿಸುವ ಗೆರೆ ಚಾಪೆ ಹಾಸಿದಂತೆ ಚಪ್ಪಟೆಯಾಗಿತ್ತು. ಇನ್ನೊಬ್ಬರದಾಗಿದ್ದರೆ 'ಭೇಷ್' ಎನ್ನುತ್ತಿದ್ದಳು. ಮೂರನೆಯ ನಿಮಿಷದಲ್ಲಿ, ಏಕೆಂದು ಅವಳಿಗೂ ತಿಳಿಯದು, ಹೆಬ್ಬೆರಳು ಮೈಕಿನ ಗುಂಡಿಯನ್ನು ಒತ್ತಿತು.

"ಲೋ ಉದ್ದಣ್ಣ... ನಾನು ಕಣೋ."

ಗೆರೆ ನೆಗೆಯಿತು.

ಅವಳು ಮತ್ತೆ ಕರೆದಳು. ಐದು ಸಲವೋ ಆರು ಸಲವೋ. ಗೆರೆ ನೆಗೆದದ್ದು ಮೂರು ಸಲವೋ ನಾಲ್ಕು ಸಲವೋ. ರೋಗಿಗಳು ಕೆಮ್ಮಿದರೂ ಗದರುತ್ತಿದ್ದ ಹೆಂಗಸು ಅಂದು, ಅಲ್ಲಾಡೋ ಮಾರಾಯ, ಇನ್ನೊಂದು ಸಲ ಅಲ್ಲಾಡೋ ಎಂದು ಅಂಗಲಾಚಿದಳು.

"ಸ್ಕ್ಯಾನ್ ಮಾಡುವಾಗ ಮಾತಾಡಿದ್ರಾ? ನೀವು?" ಡಾಕ್ಟರಮ್ಮನಿಗೆ ನಂಬಲಾಗಲಿಲ್ಲ. "ಸರಿ, ಕರೆದ ಮೇಲೆ ಅಲುಗಿದ್ನಾ, ಅಲುಗಿದ ಮೇಲೆ ಕರೆದ್ರಾ?"

"ಕರೆದ ಮೇಲೆ."

"ಎಲ್ಲಾ ಸಲಾನೂ?"

ಗುಂಡಿ ಒತ್ತಿದ ಸಮಯವನ್ನು ಯಂತ್ರ ದಾಖಲಿಸುವುದಿಲ್ಲ, ಅವಳೂ ಬರೆದಿಟ್ಟಿರಲಿಲ್ಲ. ಇತ್ತ ಕಂಪ್ಯೂಟರು, ತಮ್ಮ ಅಲುಗಿದ್ದ ಹೊತ್ತನ್ನೂ ಅದರ ಹಿಂದುಮುಂದಿನ ಹೊತ್ತನ್ನೂ ದೋಷವೆಂದು ಕಿತ್ತು ಹಾಕಿತ್ತು. ಉಳಿದ ಮೂರು ಚಿಲ್ಲರೆ ನಿಮಿಷಗಳಿಂದ ಏನನ್ನೂ ಹೇಳುವಂತಿರಲಿಲ್ಲ.

ಅಮ್ಮ ಮಾತ್ರ ಹಿಗ್ಗಿ ಹೀರೇಕಾಯಿಯಾದರು. "ಅಕ್ಕನ ದನಿಗೆ ಸ್ಪಂದಿಸಿದ್ದಾನೆ ನೋಡು! ಇನ್ನು ನಾಲ್ಕು ದಿನಕ್ಕೆ ಎದ್ದು ಕೂತು ನಿನ್ನನ್ನೇ ಗೋಳು ಹುಯ್ಕೊಳ್ತಾನೆ."

ಎರಡು ದಿನ ಡಾಕ್ಟರಮ್ಮ ಹಾಸಿಗೆಯ ಬಳಿ ನಿಂತು ಪರೀಕ್ಷಿಸಿದರು. ಅಕ್ಕನಿಂದ ಕರೆಸಿದರು, ಅಮ್ಮನಿಂದ ಕರೆಸಿದರು, ಯಾರೂ ಕರೆಯದೆ ಸುಮ್ಮನೆ ಕಾದರು. ಕರೆದಾಗ ಅವನ ತಲೆ ಒಮ್ಮೆ ಹೊರಳಿತು. ಯಾರೂ ಕರೆಯದಿದ್ದಾಗ ಎರಡು ಸಲ ಹೊರಳಿತು.

ಮೂರನೆಯ ದಿನ ಮತ್ತೊಂದು ಸ್ಕ್ಯಾನ್. ಈ ಸಲ ಅವಳು ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. ಗೆರೆಯಲ್ಲಿ ಒಂದೂ ಮಿಸುಕಾಟವಿಲ್ಲ. ಹತ್ತು ನಿಮಿಷದ ಕೊನೆಗೆ ಪರದೆಯ ಮೇಲೆ, ತೆಗೆದುಹಾಕಬೇಕಾದ ಚಿತ್ರಗಳು ಸೊನ್ನೆ ಎಂದು ಬಂತು. ಅವಳ ವೃತ್ತಿಜೀವನದಲ್ಲಿ ಇಷ್ಟು ಶುದ್ಧವಾದ ಸ್ಕ್ಯಾನುಗಳು ಬೆರಳೆಣಿಕೆಯಷ್ಟು. ಅದರಲ್ಲಿ ಮುಂಭಾಗದ ಏರಿಳಿತಕ್ಕೂ ಹಿಂಭಾಗದ ಏರಿಳಿತಕ್ಕೂ ಹೆಚ್ಚುಕಡಿಮೆ ಏನೂ ಸಂಬಂಧವಿರಲಿಲ್ಲ.

ಡಾಕ್ಟರಮ್ಮ ಎರಡೂ ಸ್ಕ್ಯಾನುಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟರು. "ಯಂತ್ರದ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇವನು ನಿಮ್ಮ ತಮ್ಮ ಅಲ್ಲ ಅಂದ್ಕೊಳ್ಳಿ. ಯಾವುದನ್ನ ಇಟ್ಕೊಳ್ತೀರಿ?"

ಅವಳು ಮೊದಲನೆಯದರಲ್ಲಿ ಗೆರೆ ನೆಗೆದ ಜಾಗದ ಮೇಲೆ ಬೆರಳಿಟ್ಟಳು.

"ಕಷ್ಟ ಆದ್ರೆ ಬೇಡ. ಬೇರೆ ಆಸ್ಪತ್ರೆಯ ಯಾರನ್ನಾದ್ರೂ ಕೇಳ್ತೀನಿ."

"ಯಾರನ್ನ ಕೇಳಿದ್ರೂ ಅದನ್ನೇ ಹೇಳ್ತಾರೆ ಮೇಡಂ. ಅಲ್ಲಿರೋರಿಗೆಲ್ಲ ಕಲಿಸಿದವಳೇ ನಾನು," ಎಂದಳು. "ಎರಡನೇದು."

ಡಾಕ್ಟರಮ್ಮ ತಲೆಯಾಡಿಸಿ ಪೆನ್ನು ತೆಗೆದುಕೊಂಡರು. ಹಿಂಬದಿಯ ಕಟ್ಟಡಕ್ಕೆ ಬರೆಯುವ ಪತ್ರ ನಾಲ್ಕೇ ಸಾಲಿನದು.

ಹೊರಗೆ ಬೆಂಚಿನ ತುದಿಯಲ್ಲಿದ್ದ ಅಮ್ಮ, ಮಗಳನ್ನು ಕಂಡೊಡನೆ ಸೆರಗು ಸರಿಪಡಿಸಿಕೊಂಡು ಎದ್ದರು.

"ಕರೆದೆಯೇನೇ ಅವನನ್ನ? ಈ ಸಲ ಎಷ್ಟು ಸಲ ಅಲ್ಲಾಡಿದ?"